ಹೊರೆ, ಘಾಟಿ, ಟರ್ಬೊ: ವಿಶಾಖಪಟ್ಟಣ–ವಿಜಯವಾಡ ದಾರಿಯ ಕುಟುಂಬ ಕಾರುಗಳನ್ನು ಕುರಿತು

ಕುಟುಂಬವನ್ನೂ ಅದರ ಸಾಮಾನನ್ನೂ ಒಟ್ಟಿಗೆ ಹೊರುವ ಉದ್ದ ಚಾವಣಿಯ ಕಾರಿಗೆ, ಅಂದರೆ ವ್ಯಾಗನ್ನಿಗೆ, ಟರ್ಬೊ ಎಂಜಿನ್ ಜೋಡಿಸುವ ಪದ್ಧತಿ ಯುರೋಪಿನಲ್ಲಿ 1980ರ ದಶಕದಲ್ಲಿ ಬೇರೂರಿತು. ಮರ್ಸಿಡಿಸ್-ಬೆಂಜ್ 300 ಟಿಡಿ ಟರ್ಬೊಡೀಸೆಲ್ ವ್ಯಾಗನ್ ಮೂರು ಲೀಟರಿನ ಎಂಜಿನ್ನಿನಿಂದ 125 ಅಶ್ವಶಕ್ತಿ ಪಡೆಯುತ್ತಿತ್ತು. 1994ರಲ್ಲಿ ಆಡಿ ಕಂಪನಿ ಪೋರ್ಷೆಯ ನೆರವಿನಿಂದ ತಯಾರಿಸಿದ ಆರ್‌ಎಸ್2 ಅವಾಂಟ್ ಕೇವಲ 2.2 ಲೀಟರಿನಿಂದ 315 ಅಶ್ವಶಕ್ತಿ ಹೊರಡಿಸಿತು. ಅದೇ ವರ್ಷ ವೋಲ್ವೊ ತನ್ನ 850 ವ್ಯಾಗನ್ನನ್ನು ಬ್ರಿಟನ್ನಿನ ಟೂರಿಂಗ್ ಕಾರ್ ಸ್ಪರ್ಧೆಗೆ ಇಳಿಸಿತು. ಸ್ಪರ್ಧೆಯ ಆ ಕಾರಿನಲ್ಲಿ ಟರ್ಬೊ ಇರಲಿಲ್ಲ, ಮಾರಾಟದ ಕಾರಿನಲ್ಲಿತ್ತು. ಮರುವರ್ಷದ 850 ಟಿ-5ಆರ್ 240 ಅಶ್ವಶಕ್ತಿಯೊಂದಿಗೆ ಬಂದಾಗ, ಮಕ್ಕಳನ್ನು ಶಾಲೆಗೆ ಬಿಡುವ ಕಾರೇ ಕ್ರೀಡಾ ಕಾರುಗಳ ಜೊತೆ ಓಡಬಲ್ಲದೆಂಬ ಆಕರ್ಷಣೆ ಪಶ್ಚಿಮದಲ್ಲಿ ಗಟ್ಟಿಯಾಯಿತು.

ಭಾರತದಲ್ಲಿ ಈ ವರ್ಗದ ವಾಹನ ಅದೇ ರೂಪದಲ್ಲಿ ನೆಲೆಯೂರಲಿಲ್ಲ. 1992ರ ಟಾಟಾ ಎಸ್ಟೇಟ್, ಅನಂತರದ ಮಾರುತಿ ಬಲೆನೊ ಆಲ್ಟುರಾ, ಓಪೆಲ್ ಕೋರ್ಸಾ ಸ್ವಿಂಗ್, ಟಾಟಾ ಇಂಡಿಗೊ ಮರೀನಾ, ಸ್ಕೋಡಾ ಆಕ್ಟೇವಿಯಾ ಕಾಂಬಿ ಇವೆಲ್ಲ ಬಂದವು, ಮಾರುಕಟ್ಟೆಯಲ್ಲಿ ಉಳಿಯಲಿಲ್ಲ. ಸೆಡಾನ್‌ನ ಹಿಂಭಾಗವನ್ನು ಹಿಗ್ಗಿಸಿದ ಈ ಕಾರುಗಳು ಸಾಮಾನಿಗೆ ಜಾಗ ಕೊಟ್ಟವು, ಆದರೆ ಕೂರಲು ಐದೇ ಸೀಟು. ಅಪ್ಪ ಅಮ್ಮ, ಅಜ್ಜ ಅಜ್ಜಿ, ಇಬ್ಬರು ಮಕ್ಕಳು, ಜೊತೆಗೊಬ್ಬ ಚಿಕ್ಕಪ್ಪ ಎಂದರೆ ಐದು ಸೀಟು ಸಾಲದು. ಹಾಗಾಗಿ ವ್ಯಾಗನ್ನಿನ ಕೆಲಸ ಇಲ್ಲಿ ಮೂರು ಸಾಲಿನ ಬಹೂಪಯೋಗಿ ವಾಹನದ ಪಾಲಾಯಿತು. ಭಾರತೀಯ ಕುಟುಂಬಕ್ಕೆ ಟರ್ಬೊದಿಂದ ಆದ ಉಪಕಾರವೇನೆಂದು ತಿಳಿಯಲು ನೋಡಬೇಕಾದದ್ದು ಈ ವಾಹನಗಳನ್ನೇ. ಅದಕ್ಕೆ ವಿಶಾಖಪಟ್ಟಣದಿಂದ ಅನಕಾಪಲ್ಲಿಯ ಮೂಲಕ ವಿಜಯವಾಡಕ್ಕೆ ಸಾಗುವ ಸುಮಾರು 350 ಕಿಲೋಮೀಟರಿನ ದಾರಿ ಒಳ್ಳೆಯ ಕ್ಷೇತ್ರ. ಸಮತಟ್ಟಾದ ಹೆದ್ದಾರಿ, ಅದರ ಪಕ್ಕದಲ್ಲೇ ಪೂರ್ವಘಟ್ಟದ ಏರು, ಕಡಲತೀರದ ಸೆಕೆ ಮೂರೂ ಅಲ್ಲಿ ಒಟ್ಟಿಗಿವೆ.

ಟರ್ಬೊದ ತತ್ವ ಹಳೆಯದು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಎಂಜಿನ್ ಹೊರಬಿಡುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಒತ್ತಡದಿಂದ ಕಾದ ಗಾಳಿಯನ್ನು ಇಂಟರ್‌ಕೂಲರ್ ತಣಿಸುತ್ತದೆ. ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಇಂಧನ ಉರಿಯುತ್ತದೆ, ಹೀಗೆ ಸಣ್ಣ ಎಂಜಿನ್ ದೊಡ್ಡ ಎಂಜಿನ್ನಿನ ಕೆಲಸ ಮಾಡುತ್ತದೆ. ಕುಟುಂಬದ ಕಾರಿಗೆ ಇದರಲ್ಲಿ ಮುಖ್ಯವಾದದ್ದು ಗರಿಷ್ಠ ಅಶ್ವಶಕ್ತಿಯಲ್ಲ, ಎಂಜಿನ್ ನಿಧಾನವಾಗಿ ತಿರುಗುವಾಗಲೇ ಸಿಗುವ ಟಾರ್ಕ್, ಅಂದರೆ ತಿರುಗಿಸುವ ಬಲ. ಚಾಲಕರು ಪಿಕಪ್ ಎಂದು ಕರೆಯುವುದು ಬಹುಮಟ್ಟಿಗೆ ಇದನ್ನೇ.

ಈ ಗುಣ ದಕ್ಷಿಣ ಭಾರತದ ಸಾಮಾನ್ಯ ಕುಟುಂಬಗಳಿಗೆ ತಲುಪಿದ್ದರಲ್ಲಿ ಕರ್ನಾಟಕದ ಬಿಡದಿಯ ಪಾತ್ರ ದೊಡ್ಡದು. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ 2000ದ ಆರಂಭದಲ್ಲಿ ಬಿಡದಿಯಿಂದ ಕ್ವಾಲಿಸ್ ಹೊರತಂದಿತು. ಅದರ 2.4 ಲೀಟರಿನ ಡೀಸೆಲ್ ಎಂಜಿನ್‌ಗೆ ಟರ್ಬೊ ಇರಲಿಲ್ಲ. ಶಕ್ತಿ 75 ಅಶ್ವಶಕ್ತಿಯ ಆಸುಪಾಸು. ಕೆಡದ ಗಟ್ಟಿ ವಾಹನವೆಂದು ಅದು ಹೆಸರು ಮಾಡಿತು, ಆದರೆ ತುಂಬಿದ ಕ್ವಾಲಿಸ್ ಲಾರಿಯನ್ನು ಹಿಂದಿಕ್ಕಲು ತಾಳ್ಮೆ ಬೇಕಿತ್ತು. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾದಲ್ಲಿ ಕಾಮನ್ ರೈಲ್ ತಂತ್ರದ 2.5 ಲೀಟರ್ ಟರ್ಬೊ ಡೀಸೆಲ್ ಇತ್ತು: 102 ಅಶ್ವಶಕ್ತಿ, 200 ನ್ಯೂಟನ್ ಮೀಟರ್ ಟಾರ್ಕ್, ಅದೂ ನಿಮಿಷಕ್ಕೆ 1,400 ಸುತ್ತಿನಿಂದಲೇ. ಎಂಜಿನ್ ಗಾತ್ರ ಹೆಚ್ಚುಕಡಿಮೆ ಅಷ್ಟೇ ಇದ್ದು ವಾಹನದ ಸ್ವಭಾವ ಪೂರ್ತಿ ಬದಲಾದದ್ದು ಇಲ್ಲಿ. 2016ರ ಇನ್ನೋವಾ ಕ್ರಿಸ್ಟಾದ 2.4 ಲೀಟರ್ ಡೀಸೆಲ್ 150 ಅಶ್ವಶಕ್ತಿ, 343 ನ್ಯೂಟನ್ ಮೀಟರಿಗೆ ಏರಿತು. ಎಂಜಿನ್ ಗಾತ್ರ ಕ್ವಾಲಿಸ್‌ನದ್ದೇ, ಶಕ್ತಿ ಅದರ ಇಮ್ಮಡಿ.

ಎರಡನೆಯ ಘಟ್ಟ ಆಂಧ್ರದ ನೆಲದಲ್ಲೇ ನಡೆಯಿತು. 2017ರ ಏಪ್ರಿಲ್‌ನಲ್ಲಿ ಆಂಧ್ರಪ್ರದೇಶ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡ ಕಿಯಾ ಕಂಪನಿ, ಪೆನುಕೊಂಡದ ಎರ್ರಮಂಚಿಯಲ್ಲಿ 110 ಕೋಟಿ ಡಾಲರ್ ಹೂಡಿ ಕಾರ್ಖಾನೆ ಕಟ್ಟಿತು. 2022ರ ಫೆಬ್ರುವರಿಯಲ್ಲಿ ಅಲ್ಲಿಂದ ಹೊರಬಂದ ಕಾರೆನ್ಸ್, ಯುರೋಪಿನ ವ್ಯಾಗನ್ನಿಗೆ ಭಾರತದಲ್ಲಿ ಸಿಕ್ಕ ಅತಿ ಹತ್ತಿರದ ಬಂಧು ಎನ್ನಬಹುದು. ಉದ್ದ 4,540 ಮಿಲಿಮೀಟರ್, ಗಾಲಿಗಳ ನಡುವಿನ ಅಂತರ 2,780 ಮಿಲಿಮೀಟರ್, ಇನ್ನೋವಾದಂತೆ ಲಾರಿಯ ಚೌಕಟ್ಟಿನ ಮೇಲಲ್ಲದೆ ಕಾರಿನ ಅಡಿಪಾಯದ ಮೇಲೆ ನಿಂತ ದೇಹ. ಆರಂಭದಲ್ಲಿ 140 ಅಶ್ವಶಕ್ತಿಯ 1.4 ಲೀಟರ್ ಟರ್ಬೊ ಪೆಟ್ರೋಲ್ ಇದ್ದು, 2023ರಲ್ಲಿ ಅದರ ಬದಲು 160 ಅಶ್ವಶಕ್ತಿ, 253 ನ್ಯೂಟನ್ ಮೀಟರಿನ 1.5 ಲೀಟರ್ ಟರ್ಬೊ ಬಂತು. ಅದೇ ಕಾರಿನ ಟರ್ಬೊ ಇಲ್ಲದ 1.5 ಲೀಟರ್ ಪೆಟ್ರೋಲ್ ಎಂಜಿನ್ 115 ಅಶ್ವಶಕ್ತಿ, 144 ನ್ಯೂಟನ್ ಮೀಟರ್ ಕೊಡುತ್ತದೆ.

1.5 ಲೀಟರ್ ಎಂಬ ಅಳತೆಗೆ ತೆರಿಗೆಯ ಹಿನ್ನೆಲೆಯೂ ಇದೆ. 2017ರ ಜಿಎಸ್‌ಟಿ ವ್ಯವಸ್ಥೆಯಲ್ಲಿ ನಾಲ್ಕು ಮೀಟರ್ ಮೀರಿದ ಕಾರಿಗೆ, ಎಂಜಿನ್ 1,500 ಸಿಸಿ ದಾಟದಿದ್ದರೆ ಸೆಸ್ ಸೇರಿ ಶೇ. 45 ತೆರಿಗೆ ಬೀಳುತ್ತಿತ್ತು; ದಾಟಿದರೆ ದರ ಇನ್ನೂ ಮೇಲೇರುತ್ತಿತ್ತು. ಗಾತ್ರಕ್ಕೆ ತೆರಿಗೆ ಹಾಕಿ ಶಕ್ತಿಯನ್ನು ಮುಟ್ಟದ ಇಂಥ ನಿಯಮ ಟರ್ಬೊಗೆ ಹೇಳಿ ಮಾಡಿಸಿದಂತಿತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳೆಲ್ಲ ಶೇ. 40ರ ಒಂದೇ ದರಕ್ಕೆ ಬಂದವು. ಆ ಹೊತ್ತಿಗೆ ಎಂಜಿನ್‌ಗಳು ತಯಾರಾಗಿ, ಕಾರ್ಖಾನೆಗಳು ಅವಕ್ಕೆ ಹೊಂದಿಕೊಂಡಾಗಿತ್ತು.

ಈ ಅಂಕಿಗಳು ರಸ್ತೆಯಲ್ಲಿ ಏನಾಗುತ್ತವೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಸಂಕ್ರಾಂತಿಗೆ ಊರಿಗೆ ಹೊರಟ ಏಳು ಜನ, ಅವರ ಚೀಲಗಳು, ಅನಕಾಪಲ್ಲಿಯಲ್ಲಿ ಕೊಂಡ ಬೆಲ್ಲದ ಅಚ್ಚುಗಳು ಎಲ್ಲ ಸೇರಿ ವಾಹನದ ತೂಕ 1,900 ಕಿಲೋ ಎಂದಿಟ್ಟುಕೊಳ್ಳೋಣ. ರಾಷ್ಟ್ರೀಯ ಹೆದ್ದಾರಿ 16ರಲ್ಲಿ, ತುನಿ, ಅನ್ನವರಂ, ರಾಜಮಹೇಂದ್ರವರಂ ಕಡೆಗೆ ಸಾಗುವಾಗ ಲಾರಿಯೊಂದನ್ನು ದಾಟಲು ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಏರಬೇಕು. ಬೇರ್ಪಡಿಸಿದ ನಾಲ್ಕು ಪಥದ ಹೆದ್ದಾರಿಯಲ್ಲಿ 2018ರ ಕೇಂದ್ರ ಅಧಿಸೂಚನೆ ಕಾರುಗಳಿಗೆ ಇಟ್ಟ ಗರಿಷ್ಠ ಮಿತಿಯೂ 100. ಇದಕ್ಕೆ ಸುಮಾರು 264 ಕಿಲೋಜೂಲ್ ಚಲನಶಕ್ತಿ ಬೇಕು. ಎಂಜಿನ್ 2,000 ಸುತ್ತಿನಲ್ಲಿದ್ದಾಗ 253 ನ್ಯೂಟನ್ ಮೀಟರ್ ಎಂದರೆ 53 ಕಿಲೋವ್ಯಾಟ್. ಟರ್ಬೊ ಇಲ್ಲದ ಎಂಜಿನ್ ತನ್ನ ಗರಿಷ್ಠ 144ನ್ನೇ ಅಲ್ಲಿ ಕೊಟ್ಟರೂ 30 ಕಿಲೋವ್ಯಾಟ್. ನಿಜದಲ್ಲಿ ಅಷ್ಟೂ ಕೊಡದು, ಏಕೆಂದರೆ ಅದರ ಗರಿಷ್ಠ ಸಿಗುವುದು 4,500 ಸುತ್ತಿನ ಹತ್ತಿರ. ಗಾಳಿಯ ಮತ್ತು ಗಾಲಿಗಳ ತಡೆಗೆ 16 ಕಿಲೋವ್ಯಾಟ್ ಕಳೆದರೆ, ಗೇರ್ ಬದಲಿಸದೆ ಮೊದಲನೆಯದು ಸುಮಾರು 7 ಸೆಕೆಂಡಿನಲ್ಲಿ ಲಾರಿಯನ್ನು ದಾಟುವ ವೇಗ ಮುಟ್ಟುತ್ತದೆ, ಎರಡನೆಯದಕ್ಕೆ 19 ಸೆಕೆಂಡಾದರೂ ಬೇಕು. ಗೇರ್ ಇಳಿಸಿದರೆ ಈ ಅಂತರ ಕಡಿಮೆಯಾಗುತ್ತದೆ ನಿಜ, ಆದರೆ ಎಂಜಿನ್ ಚೀರುತ್ತದೆ, ಹಿಂದಿನ ಸಾಲಿನಲ್ಲಿ ನಿದ್ದೆಹೋದ ಮಗು ಏಳುತ್ತದೆ. ಕುಟುಂಬದ ಕಾರಿನಲ್ಲಿ ಸಾಮರ್ಥ್ಯವೆಂದರೆ ಬಹುಪಾಲು ಈ ನಿರಾಳವೇ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂದು ಕೇಳುವ ಪತ್ರಿಕಾ ಪರೀಕ್ಷೆಗಳು ಚಾಲಕನೊಬ್ಬನೇ ಕೂತ ಕಾರನ್ನು ಅಳೆಯುತ್ತವೆ. ಮನೆಯವರೆಲ್ಲ ಕೂತ ಕಾರಿನ ಬಗ್ಗೆ ಅವುಗಳಿಂದ ತಿಳಿಯುವುದು ಅಲ್ಪ.

ಘಾಟಿಯಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಅನಕಾಪಲ್ಲಿಯಿಂದ ನರ್ಸೀಪಟ್ನಂ ದಾಟಿ ಲಂಬಸಿಂಗಿಗೆ, ಚೋಡವರಂ ಮೇಲಿಂದ ಪಾಡೇರಿಗೆ, ವಿಶಾಖಪಟ್ಟಣದಿಂದ ಶೃಂಗವರಪುಕೋಟ, ಅನಂತಗಿರಿ ಮಾರ್ಗವಾಗಿ ಅರಕಿಗೆ ಹೋಗುವ ದಾರಿಗಳು ಸಮುದ್ರಮಟ್ಟದ ಬಯಲಿನಿಂದ ಸಾವಿರ ಮೀಟರಿನ ಆಸುಪಾಸಿಗೆ ಏರುತ್ತವೆ. ಶೇ. 8ರ ಏರಿನಲ್ಲಿ ಅದೇ 1,900 ಕಿಲೋ ವಾಹನ ಗಂಟೆಗೆ 40 ಕಿಲೋಮೀಟರಿನಲ್ಲಿ ಹತ್ತಲು 19 ಕಿಲೋವ್ಯಾಟಿನಷ್ಟು ಬೇಕು, ಎ.ಸಿ. ಹಾಕಿದ್ದರೆ ಇನ್ನೆರಡು ಮೂರು. ಎಂಜಿನ್ 1,500 ಸುತ್ತಿನಲ್ಲಿರುವಾಗ ಟರ್ಬೊ ಇಲ್ಲದ ಎಂಜಿನ್ನಿನಿಂದ ಹೆಚ್ಚೆಂದರೆ 22–23 ಕಿಲೋವ್ಯಾಟ್ ಸಿಕ್ಕೀತು, ಮಿಗುವುದು ಏನೂ ಇಲ್ಲ. ಟರ್ಬೊ ಎಂಜಿನ್ 39 ಕಿಲೋವ್ಯಾಟ್ ದಾಟುತ್ತದೆ. ತಿರುವಿನಿಂದ ಹೊರಬರುವಾಗ ಎದುರಿಗೆ ಬಸ್ಸು ಕಂಡರೆ ಈ ಮಿಗುತಾಯವೇ ಆಸರೆ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ಸಾವಿರ ಮೀಟರಿನಲ್ಲಿ ಸಾಂದ್ರತೆ ಸುಮಾರು ಶೇ. 10 ಕಡಿಮೆ, ಸಾಮಾನ್ಯ ಎಂಜಿನ್ನಿನ ಶಕ್ತಿಯೂ ಅಷ್ಟೇ ಕುಗ್ಗುತ್ತದೆ. ಟರ್ಬೊ ತನ್ನ ಚಕ್ರವನ್ನು ಇನ್ನಷ್ಟು ವೇಗವಾಗಿ ತಿರುಗಿಸಿ ಆ ಕೊರತೆಯ ಬಹುಭಾಗ ತುಂಬಿಕೊಳ್ಳುತ್ತದೆ.

ಬಿಸಿ ಮಾತ್ರ ಟರ್ಬೊಗೆ ಹಗೆ. ಮೇ ತಿಂಗಳಲ್ಲಿ ವಿಜಯವಾಡದ ಉಷ್ಣಾಂಶ 45 ಡಿಗ್ರಿ ಮುಟ್ಟುವುದುಂಟು. ಅಂಥ ಗಾಳಿಯನ್ನು ಒತ್ತಿದಾಗ ಇಂಟರ್‌ಕೂಲರ್ ಎಷ್ಟು ತಣಿಸಿದರೂ ಸಿಲಿಂಡರಿಗೆ ಹೋಗುವುದು ಬಿಸಿ ಗಾಳಿಯೇ. ಅಕಾಲದಲ್ಲಿ ಇಂಧನ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಎಂಜಿನ್ನಿನ ಕಂಪ್ಯೂಟರ್ ಶಕ್ತಿಯನ್ನು ತಗ್ಗಿಸುತ್ತದೆ. ದೇಶದ ಬಂಕುಗಳಲ್ಲಿ ಈಗ ಸಿಗುವ, ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಇಲ್ಲಿ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಎಥನಾಲ್‌ನ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಅದು ಗಾಳಿಯನ್ನು ತಣಿಸುತ್ತದೆ, ಎರಡೂ ಟರ್ಬೊಗೆ ಅನುಕೂಲ. ಆದರೆ ಲೀಟರಿಗೆ ಅದರ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ, ಮೈಲೇಜ್ ಇಳಿಯುತ್ತದೆ. ಎಥನಾಲ್ ಕಬ್ಬಿನಿಂದಲೂ ತಯಾರಾಗುವುದರಿಂದ, ಕಬ್ಬಿನ ಗದ್ದೆಗಳಿಂದ ಸುತ್ತುವರಿದ, ದೇಶದ ದೊಡ್ಡ ಬೆಲ್ಲದ ಮಾರುಕಟ್ಟೆಗಳಲ್ಲಿ ಒಂದಾದ ಅನಕಾಪಲ್ಲಿಯಲ್ಲಿ ಈ ಚರ್ಚೆಗೆ ರೈತನ ಲೆಕ್ಕವೂ ಸೇರಿಕೊಳ್ಳುತ್ತದೆ.

ಕೊಂಡ ಮೇಲಿನ ಖರ್ಚಿನ ವಿಷಯದಲ್ಲಿ ಟರ್ಬೊ ಕಾರು ಶಿಸ್ತು ಕೇಳುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ತಿರುಗಬಲ್ಲ ದಂಡ ತೆಳುವಾದ ಎಣ್ಣೆಯ ಪದರದ ಮೇಲೆ ನಿಂತಿರುವುದರಿಂದ, ಹೇಳಿದ ದರ್ಜೆಯ ಸಿಂಥೆಟಿಕ್ ಆಯಿಲ್ ಹಾಕದಿದ್ದರೆ ಅಥವಾ ಬದಲಿಸುವ ಅವಧಿ ಮೀರಿಸಿದರೆ ಮೊದಲು ಸವೆಯುವುದು ಅದೇ. ಘಾಟಿ ಹತ್ತಿದ ತಕ್ಷಣ ಅಥವಾ ಹೆದ್ದಾರಿಯ ವೇಗದ ಓಟದ ನಂತರ ಎಂಜಿನ್ ಒಂದೆರಡು ನಿಮಿಷ ಓಡಿಸಿ ಆರಿಸುವ ಹಳೆಯ ರೂಢಿ ನೀರಿನಿಂದ ತಂಪಾಗುವ ಈಗಿನ ಟರ್ಬೊಗಳಿಗೆ ಕಡ್ಡಾಯವಲ್ಲದಿದ್ದರೂ ಕೆಟ್ಟದ್ದಲ್ಲ. ವಿಜಯವಾಡದ ಬೆಂಜ್ ಸರ್ಕಲ್‌ನಂಥ ಕಡೆ ಇಂಚಿಂಚು ಸರಿಯುವಾಗ ಡಬಲ್ ಕ್ಲಚ್‌ನ ಸ್ವಯಂಚಾಲಿತ ಗೇರ್‌ಬಾಕ್ಸ್ ಬಿಸಿಯಾಗುತ್ತದೆ. ಬ್ರೇಕ್ ಅರ್ಧ ಬಿಟ್ಟು ತೆವಳಿಸುವ ಬದಲು ಜಾಗವಾದ ಮೇಲೆ ಒಮ್ಮೆಗೇ ಮುಂದೆ ಹೋಗುವುದು ಒಳಿತು. 2020ರ ಬಿಎಸ್6 ಮಾಲಿನ್ಯ ನಿಯಮದ ನಂತರದ ಡೀಸೆಲ್ ಕಾರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ದಿನವೂ ನಾಲ್ಕಾರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ, ಆಗಾಗ ಹೆದ್ದಾರಿಗೆ ಒಯ್ಯಬೇಕು.

ಏಳು ಸೀಟಿನ ಭರವಸೆಯನ್ನೂ ಅಳೆದು ನೋಡಬೇಕಿದೆ. ಮೂರೂ ಸಾಲು ಎತ್ತಿದಾಗ ಕಾರೆನ್ಸ್‌ನ ಡಿಕ್ಕಿ 216 ಲೀಟರ್, ಅಂದರೆ ಎರಡು ಮೂರು ಸಣ್ಣ ಚೀಲ. ಏಳು ಜನರ ಪ್ರಯಾಣದಲ್ಲಿ ಉಳಿದ ಸಾಮಾನು ಮೇಲಿನ ಕ್ಯಾರಿಯರ್‌ಗೆ ಏರುತ್ತದೆ, ಗಾಳಿಯ ತಡೆ ಹೆಚ್ಚುತ್ತದೆ, ಟರ್ಬೊದ ಇಂಧನ ಉಳಿತಾಯ ಕರಗುತ್ತದೆ. ಐದು ಜನ ಮತ್ತು ಮಡಿಸಿದ ಮೂರನೆಯ ಸಾಲು ಈ ಕಾರಿನ ನಿಜವಾದ ಬಲ, ಹಾಗೆ ಬಳಸಿದಾಗ ಅದು ಯುರೋಪಿನ ವ್ಯಾಗನ್ನೇ.

ಟರ್ಬೊ ಇಲ್ಲದ ಆಯ್ಕೆಯೂ ಬಲವಾಗಿದೆ. ಬಿಎಸ್6 ಬಂದಾಗ ಮಾರುತಿ ಎರ್ಟಿಗಾ ತನ್ನ ಟರ್ಬೊ ಡೀಸೆಲ್ಲನ್ನು ಕೈಬಿಟ್ಟು 1.5 ಲೀಟರಿನ ಸರಳ ಪೆಟ್ರೋಲ್ ಮತ್ತು ಸಿಎನ್‌ಜಿಯ ಮೇಲೆ ನಿಂತಿತು, ಆದರೂ ಧಾರಾಳವಾಗಿ ಮಾರಾಟವಾಗುತ್ತಿದೆ. ಊರೊಳಗಿನ ಓಡಾಟವೇ ಹೆಚ್ಚಿರುವ ಮನೆಗೆ ಅದರ ಅಗ್ಗದ ನಿರ್ವಹಣೆ ಸರಿಯಾದ ಆಯ್ಕೆಯೇ. ಬಿಡದಿಯ ಇನ್ನೋವಾ ಹೈಕ್ರಾಸ್ 2022ರ ಕೊನೆಯಲ್ಲಿ ಟರ್ಬೊವನ್ನು ಬಿಟ್ಟು ಪೆಟ್ರೋಲ್ ಎಂಜಿನ್ನಿಗೆ ವಿದ್ಯುತ್ ಮೋಟಾರ್ ಜೋಡಿಸಿತು. ಕೆಳ ಸುತ್ತಿನ ಟಾರ್ಕ್ ಈಗ ಮೋಟಾರಿನ ಹೊಣೆ. ಪೆನುಕೊಂಡದಲ್ಲೂ ದಾರಿ ಅತ್ತಲೇ ತಿರುಗಿದೆ. 2025ರ ಜುಲೈನಲ್ಲಿ ಬಂದ ಕಾರೆನ್ಸ್ ಕ್ಲಾವಿಸ್‌ನ ವಿದ್ಯುತ್ ಮಾದರಿಯ ಟಾರ್ಕ್ 255 ನ್ಯೂಟನ್ ಮೀಟರ್, ಟರ್ಬೊ ಪೆಟ್ರೋಲಿನದ್ದಕ್ಕೆ ಸರಿಸಮ, ಅದೂ ಮೊದಲ ಸುತ್ತಿನಿಂದಲೇ. ಅದರ 51.4 ಕಿಲೋವ್ಯಾಟ್ ಗಂಟೆಯ ಬ್ಯಾಟರಿಗೆ ಕಂಪನಿ ಹೇಳುವ ವ್ಯಾಪ್ತಿ 490 ಕಿಲೋಮೀಟರ್. ತುಂಬಿದ ಕಾರು, ಬೇಸಿಗೆಯ ಎ.ಸಿ., ಹೆದ್ದಾರಿಯ ವೇಗ ಸೇರಿದರೆ ವಿಶಾಖಪಟ್ಟಣದಿಂದ ಹೊರಟ ಕುಟುಂಬ ರಾಜಮಹೇಂದ್ರವರಂ ಬಳಿ ಒಮ್ಮೆ ಚಾರ್ಜ್‌ಗೆ ನಿಲ್ಲುವುದು ಕ್ಷೇಮ. ಟರ್ಬೊ ಪೆಟ್ರೋಲ್ ಕಾರು ಅದೇ ದೂರವನ್ನು ಒಂದೇ ಟ್ಯಾಂಕಿನಲ್ಲಿ ಮುಗಿಸುತ್ತದೆ.