ಬಳ್ಳಾರಿಯಲ್ಲಿ ತಂಗಿದ ಅಂಚೆ ವಿಮಾನ

ಮುಂಬೈಯಿಂದ ಚೆನ್ನೈಗೆ ನೇರ ಆಕಾಶಮಾರ್ಗದಲ್ಲಿ ಸುಮಾರು 1,030 ಕಿ.ಮೀ. ಇಂದಿನ ಜೆಟ್ ವಿಮಾನಕ್ಕೆ ಎರಡು ಗಂಟೆಯ ಹಾದಿ. 1932ರಲ್ಲಿ ಇದೇ ದೂರ ಕ್ರಮಿಸಲು ನಡುವೆ ಒಂದು ರಾತ್ರಿ ಕಳೆಯಬೇಕಾಯಿತು, ಅದೂ ನಮ್ಮ ಬಳ್ಳಾರಿಯಲ್ಲಿ!

ಅದು ಟಾಟಾ ಸಂಸ್ಥೆಯ ವಿಮಾನ ಅಂಚೆ ಆರಂಭವಾದ ದಿನ, ಅಕ್ಟೋಬರ್ 15. ಕರಾಚಿಯಿಂದ ಜೆ.ಆರ್.ಡಿ. ಟಾಟಾ ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಅಹಮದಾಬಾದಿನ ಮೂಲಕ ಮಧ್ಯಾಹ್ನ ಮುಂಬೈಗೆ ಟಪಾಲು ತಂದರು. ಅಲ್ಲಿಂದ ಮುಂದಕ್ಕೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಗಂಟೆಗೆ ಸುಮಾರು 160 ಕಿ.ಮೀ. ವೇಗದಲ್ಲಿ ಮದರಾಸು ಆರೇಳು ಗಂಟೆಯ ದಾರಿಯಷ್ಟೆ. ಆದರೆ ವಿಮಾನದಲ್ಲಿ ರೇಡಿಯೊ ಇಲ್ಲ, ಕೆಳಗೆ ದಾರಿ ತೋರುವ ದೀಪಗಳಿಲ್ಲ. ಹೊತ್ತು ಮುಳುಗುವುದರೊಳಗೆ ನೆಲ ಮುಟ್ಟಲೇಬೇಕು. ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೇ ಸೇರಿತ್ತು. ಆದರೂ ಟಪಾಲು ಮದರಾಸು ನಗರ ಸೇರಿದ್ದು ಮರುದಿನ.