ಹರದಾರಿಯೊಳಗಿನ ತಾಸು: ಅಕ್ಕಲಕೋಟೆ–ಸೊಲ್ಲಾಪುರ ದಾರಿಯ ಒಂದು ಲೆಕ್ಕ

ನಾನು ಅಕ್ಕಲಕೋಟೆ ತಾಲೂಕಿನವನು. ಇವತ್ತಿನ ನನ್ನ ಮಾತು ನಾನೇ ಮಾಡಿದ ಒಂದು ತಪ್ಪು ಲೆಕ್ಕದಿಂದ ಶುರುವಾಗ್ತದೆ.

ಸಂಕ್ರಾಂತಿಗೆ ನಡೆಯುವ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ ಹಿಂದಿನವರು ಹೇಗೆ ಹೋಗುತ್ತಿದ್ದರು ಅಂತ ಮನೆಯಲ್ಲಿ ಕೇಳಿದ್ದೆ. ನಮ್ಮ ಮುತ್ಯಾನ ಉತ್ತರ ಇಷ್ಟೇ: "ಅಕ್ಕಲಕೋಟಿಯಿಂದ ಎಂಟು ಹರದಾರಿ. ಚಕ್ಕಡಿ ಹೂಡಿದ್ರ ಹನ್ನೆರಡು ತಾಸಿನ ಹಾದಿ." ನಾನು ಎರಡನ್ನೂ ಬರೆದುಕೊಂಡೆ.

ಹರದಾರಿ ಅಂದರೆ ಸುಮಾರು 3 ಮೈಲಿ ಅಂತ ಓದಿದ್ದೆ. ಮನುಷ್ಯ ತಾಸಿಗೆ 3 ಮೈಲಿ ನಡೀತಾನೆ ಅನ್ನುವುದೂ ಗೊತ್ತಿತ್ತು. ಹಾಗಾದರೆ 12 ತಾಸಿಗೆ 36 ಮೈಲಿ. ಒಂದು ಮೈಲಿಗೆ 1.609ರಂತೆ ಸುಮಾರು 58 ಕಿಲೋಮೀಟರ್ ಆಯಿತು. ಆದರೆ ಇವತ್ತಿನ ರಸ್ತೆ ಇರೋದು 40 ಕಿಲೋಮೀಟರ್ ಆಸುಪಾಸು. ಮುತ್ಯಾನಿಗೆ ನೆನಪು ತಪ್ಪಿರಬೇಕು ಅಂತ ಟಿಪ್ಪಣಿಯ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಟ್ಟೆ.

ತಪ್ಪಿದ್ದು ನಾನು. ಭಾರ ಹೊತ್ತ ಎತ್ತಿನ ಗಾಡಿ ತಾಸಿಗೆ ಹೆಚ್ಚುಕಡಿಮೆ 2 ಮೈಲಿ ಹೋಗ್ತದೆ, 3 ಅಲ್ಲ. 12 ತಾಸಿಗೆ 24 ಮೈಲಿ, 38.6 ಕಿಲೋಮೀಟರ್. ಎಂಟು ಹರದಾರಿಗೂ ಅದೇ 24 ಮೈಲಿ. ಎರಡು ದಾರಿಯಿಂದ ಬಂದ ಲೆಕ್ಕ ಒಂದೇ ಕಡೆ ಸೇರಿತು.

ಇಲ್ಲಿ ಒಂದು ಸೂಕ್ಷ್ಮ ಉಂಟು. ತಾಸಿಗೆ 3 ಮೈಲಿ ಅಂದರೆ 4.83 ಕಿಲೋಮೀಟರ್. ಅದನ್ನು 5/18ರಿಂದ ಗುಣಿಸಿದರೆ ಸೆಕೆಂಡಿಗೆ 1.34 ಮೀಟರ್. ಆರೋಗ್ಯವಂತ ಮನುಷ್ಯನ ಸಹಜ ನಡಿಗೆ ಇಷ್ಟೇ. ಹಾಗಾಗಿ ಹರದಾರಿ ಬರೀ ದೂರವಲ್ಲ, ಕಾಲ್ನಡಿಗೆಯವನ ಒಂದು ತಾಸು. ಆ ಪದದೊಳಗೇ ಒಂದು ವೇಗ ಕೂತಿದೆ. ಚಕ್ಕಡಿಗೆ ಅದೇ ಹರದಾರಿ ಒಂದೂವರೆ ತಾಸು. ದೂರ ಬದಲಾಗಲಿಲ್ಲ, ನಡೆಯುವವರು ಬದಲಾದರು.

ಈ ಬಗೆಯ ಲೆಕ್ಕ ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ತನ್ನ 'ವ್ಯವಹಾರಗಣಿತ'ದಲ್ಲಿ ಸಹಜ ತ್ರೈರಾಶಿಯನ್ನೂ ವ್ಯಸ್ತ ತ್ರೈರಾಶಿಯನ್ನೂ ಕನ್ನಡದಲ್ಲೇ ವಿವರಿಸಿದ್ದಾನೆ. ವೇಗ ಒಂದೇ ಇದ್ದಾಗ ತಾಸು ಹೆಚ್ಚಿದರೆ ದೂರವೂ ಹೆಚ್ಚುತ್ತದೆ, ಅದು ಸಹಜ. ದೂರ ಒಂದೇ ಇದ್ದಾಗ ವೇಗ ಇಳಿದರೆ ತಾಸು ಏರುತ್ತದೆ, ಅದು ವ್ಯಸ್ತ. ನಾನು ಎಡವಿದ್ದು ಈ ಎರಡನೆಯದರಲ್ಲಿ.

ಈಗ ಚರಿತ್ರೆಯ ಮಾತು. 1956ರ ನವೆಂಬರ್ 1ರಂದು ವಿಜಯಪುರ ಮೈಸೂರು ರಾಜ್ಯಕ್ಕೆ ಸೇರಿತು. ಅಕ್ಕಲಕೋಟೆ, ಸೊಲ್ಲಾಪುರ ಮುಂಬಯಿ ರಾಜ್ಯದಲ್ಲೇ ಉಳಿದವು. ಅದೇ ಡಿಸೆಂಬರಿನಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂತು. ಮುಂದೆ ಮೈಲಿಗಲ್ಲಿನ ಜಾಗಕ್ಕೆ ಕಿಲೋಮೀಟರ್ ಕಲ್ಲು ಬಂತು, ಅದರ ಮೇಲಿನ ಅಕ್ಷರ ಮರಾಠಿ. ಕಿಲೋಮೀಟರ್‌ನಿಂದ ಲೆಕ್ಕ ಸುಲಭವಾಯಿತು, ಅದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ಕಡೆ ಹರದಾರಿ ಅನ್ನುವ ಮಾತು ಕಲ್ಲಿನ ಮೇಲೂ ಇಲ್ಲ, ಶಾಲೆಯಲ್ಲೂ ಇಲ್ಲ. ಉಳಿದಿರೋದು ಹಿರಿಯರ ಬಾಯಲ್ಲಿ ಮಾತ್ರ.

ನಾವು ಗಡಿನಾಡಿನ ಮೌಖಿಕ ಚರಿತ್ರೆ ಸಂಗ್ರಹಿಸುವವರು. "ಹರದಾರಿ = 3 ಮೈಲಿ" ಅಂತ ಅಡಿಟಿಪ್ಪಣಿ ಕೊಟ್ಟರೆ ಕೆಲಸ ಮುಗಿಯಲಿಲ್ಲ. ನಡೆದು ಹೋದಿರೋ, ಚಕ್ಕಡಿಯಲ್ಲೋ, ಎತ್ತಿಗೆ ನೀರು ಕುಡಿಸಿದ ಹೊತ್ತನ್ನೂ ಸೇರಿಸಿ ಹೇಳ್ತಿದ್ದೀರೋ ಅಂತ ಕೇಳಬೇಕು. ಕೇಳದೆ ಪರಿವರ್ತನೆ ಮಾಡಿದರೆ ನಮ್ಮ ತಪ್ಪನ್ನು ಅವರ ನೆನಪಿನ ಮೇಲೆ ಹೊರಿಸಿದಂತಾಗ್ತದೆ. ನನ್ನ ಟಿಪ್ಪಣಿಯ ಆ ಪ್ರಶ್ನಾರ್ಥಕ ಚಿಹ್ನೆಯನ್ನು ನಾನು ಹೊಡೆದುಹಾಕಿದ್ದೇನೆ.