ಲಿವರ್ ಕಾಯಿಲೆ ಇದ್ದವರು ಬೇಳೆ ಬಿಟ್ಟು ಪ್ರೋಟೀನ್ ಪುಡಿ ಕುಡಿಯಬೇಕೇ?

ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಸುತ್ತುವ ಸಂದೇಶವೊಂದರಲ್ಲಿ ಎರಡು ಮಾತುಗಳಿರುತ್ತವೆ. ಒಂದು, ಲಿವರ್ ಕೆಟ್ಟವರಿಗೆ ಬೇಳೆ, ಮೊಟ್ಟೆ, ಹಾಲು ವಿಷ. ಎರಡು, ಕೈಕಾಲು ಸಣ್ಣಗಾದರೆ ಇಂಥ ಡಬ್ಬದ ಪುಡಿ ಕುಡಿಸಿ, ಮಾಂಸಖಂಡ ತುಂಬಿಕೊಳ್ಳುತ್ತದೆ.

ಕಮಲಾಪುರದಲ್ಲಿರುವ ನನ್ನ ಕಾಕಾಗೆ ಸಿರೋಸಿಸ್ ಇದೆ. ಹೋದ ಸಲ ಊರಿಗೆ ಹೋದಾಗ ಅವರ ತೋಳು ನೋಡಿ ಗಾಬರಿಯಾಯಿತು. ಕಾಕು ಹೇಳಿದ್ದು: "ಎಲ್ಲಾರೂ ಬ್ಯಾಳಿ ಕೊಡಬ್ಯಾಡ ಅಂತಾರ ಅವ್ವಾ, ಅದಕ್ಕ ಬರೇ ಅನ್ನ ಮಜ್ಜಿಗಿ ಹಾಕ್ಲಾಕತ್ತೀನಿ." ತೊಗರಿಗೆ ಹೆಸರಾದ ಜಿಲ್ಲೆಯಲ್ಲಿ, ಮನೆ ತುಂಬ ತೊಗರಿ ಇಟ್ಟುಕೊಂಡು, ಆ ಒಬ್ಬ ಮನುಷ್ಯನ ತಟ್ಟೆಗೆ ಮಾತ್ರ ಬೇಳೆ ಬೀಳುತ್ತಿರಲಿಲ್ಲ. ಮೂಲೆಯಲ್ಲಿ ಜಿಮ್‌ಗೆ ಹೋಗುವ ಹುಡುಗರು ಕೊಳ್ಳುವಂಥ ಪುಡಿಯ ಡಬ್ಬವೊಂದು ಇತ್ತು.

ಸಂದೇಶದ ಮೊದಲ ಮಾತು ತಪ್ಪು. ಎರಡನೆಯದರಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಡಬ್ಬದ ಮೇಲೆ ಬರೆದಿರುವಷ್ಟು ಇಲ್ಲ.

ಲಿವರ್ ಕೆಟ್ಟರೆ ಮಾಂಸಖಂಡ ಯಾಕೆ ಕರಗುತ್ತದೆ?

ಆರೋಗ್ಯವಂತರ ಲಿವರ್ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟು, ರಾತ್ರಿ ನಾವು ಮಲಗಿದಾಗ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಸಿರೋಸಿಸ್‌ನಲ್ಲಿ ಲಿವರ್ ಗಟ್ಟಿಯಾಗಿ, ಗಂಟುಗಂಟಾಗಿ ಈ ಉಗ್ರಾಣ ಚಿಕ್ಕದಾಗುತ್ತದೆ. ಮಧ್ಯರಾತ್ರಿಯ ಹೊತ್ತಿಗೆ ಅದು ಖಾಲಿ. ಆಗ ದೇಹ ಕೊಬ್ಬನ್ನೂ, ಮಾಂಸಖಂಡದ ಪ್ರೋಟೀನನ್ನೂ ಒಡೆದು ಶಕ್ತಿ ಮಾಡಿಕೊಳ್ಳುತ್ತದೆ. ಸಿರೋಸಿಸ್ ಇರುವವರು ಒಂದು ರಾತ್ರಿ ಉಪವಾಸವಿದ್ದರೆ, ಆರೋಗ್ಯವಂತರು ಎರಡು ಮೂರು ದಿನ ಉಪವಾಸವಿದ್ದಂತೆ ಎಂದು 1980ರ ದಶಕದಲ್ಲೇ ಸಂಶೋಧಕರು ಅಳೆದು ತೋರಿಸಿದ್ದಾರೆ.

ಇನ್ನೊಂದು ತೊಂದರೆ ಅಮೋನಿಯಾ. ಇದನ್ನು ಶುದ್ಧ ಮಾಡುವ ಕೆಲಸ ಲಿವರ್‌ನದು. ಅದು ಸೋತಾಗ ಮಾಂಸಖಂಡಗಳು ಆ ಕೆಲಸದ ಒಂದು ಪಾಲನ್ನು ಹೊರುತ್ತವೆ. ಅಂದರೆ ಮಾಂಸಖಂಡ ಕರಗಿದಷ್ಟೂ ಅಮೋನಿಯಾ ಹೆಚ್ಚಿ, ಮಿದುಳು ಮಂಕಾಗುವ ಅಪಾಯ ಜಾಸ್ತಿ. ಪಥ್ಯ ಮಾಡಿ ಸೊರಗಿಸುವುದು ಉಲ್ಟಾ ಹೊಡೆಯುವುದು ಇಲ್ಲೇ.

ಹೊಟ್ಟೆಯಲ್ಲಿ, ಕಾಲಲ್ಲಿ ನೀರು ತುಂಬಿದವರ ತೂಕ ಇಳಿಯುವುದೇ ಇಲ್ಲ. "ತೂಕ ಸರಿ ಅದ" ಎಂದು ಮನೆಯವರು ಸುಮ್ಮನಿರುತ್ತಾರೆ. ತೂಕದ ಯಂತ್ರಕ್ಕಿಂತ ತೋಳು, ತೊಡೆ, ಕಪಾಳದ ಪಕ್ಕದ ಗುಳಿ ನೋಡಿ. ಕೈ ಊರದೆ ಕುರ್ಚಿಯಿಂದ ಏಳಲಾಗುತ್ತದೆಯೇ ಕೇಳಿ.

ಬೇಳೆ ಬೇಡ ಎಂಬ ಮಾತು ಎಲ್ಲಿಂದ ಬಂತು?

ಇದು ಬರೀ ಅಜ್ಜಿ ಪಥ್ಯವಲ್ಲ. ಪ್ರೋಟೀನ್‌ನಿಂದ ಅಮೋನಿಯಾ ಹೆಚ್ಚುತ್ತದೆಂದು ಒಂದು ಕಾಲಕ್ಕೆ ವೈದ್ಯರೇ ಪ್ರೋಟೀನ್ ಕಡಿತ ಮಾಡಿಸುತ್ತಿದ್ದರು. 2004ರಲ್ಲಿ ಸ್ಪೇನ್‌ನ ವೈದ್ಯರು, ಲಿವರ್‌ನಿಂದಾಗಿ ಮಂಪರು ಬಂದ ರೋಗಿಗಳಲ್ಲಿ ಕೆಲವರಿಗೆ ಕಡಿಮೆ, ಕೆಲವರಿಗೆ ಸಾಮಾನ್ಯ ಪ್ರಮಾಣದ ಪ್ರೋಟೀನ್ ಕೊಟ್ಟು ನೋಡಿದರು. ಕಡಿತದಿಂದ ಯಾವ ಲಾಭವೂ ಕಾಣಲಿಲ್ಲ. ದೇಹದ ಪ್ರೋಟೀನ್ ಇನ್ನಷ್ಟು ಒಡೆಯಿತು. ಈಗಿನ ಯುರೋಪಿನ ಮಾರ್ಗಸೂಚಿ ಸಿರೋಸಿಸ್ ಇರುವವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಹೇಳುತ್ತದೆ. ನೀರಿನ ಭಾರ ಬಿಟ್ಟು 60 ಕಿಲೋ ಇರುವವರಿಗೆ ಅದು 72ರಿಂದ 90 ಗ್ರಾಂ.

ಕಲಬುರಗಿಯ ಅಡುಗೆಮನೆಯಲ್ಲಿ ಇದನ್ನು ಕೂಡಿಸಿ ನೋಡೋಣ. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 20 ಗ್ರಾಂ, 75 ಗ್ರಾಂ ತೊಗರಿ ಬೇಳೆಯಲ್ಲಿ 16, ಅರ್ಧ ಲೀಟರ್ ಹಾಲಲ್ಲಿ 16, ಎರಡು ಮೊಟ್ಟೆಯಲ್ಲಿ 12, ಒಂದು ಹಿಡಿ ಶೇಂಗಾದಲ್ಲಿ 7. ಪುಡಿ ಇಲ್ಲದೆಯೇ 70ರ ಆಸುಪಾಸು ಬಂತು. ಮೊಟ್ಟೆ ತಿನ್ನದವರು ಪನೀರ್, ಸೋಯಾ ಹಾಕಿಕೊಳ್ಳಬಹುದು. ಮಂಪರು ಬರುವ ರೋಗಿಗಳಿಗೆ ಬೇಳೆ, ಹಾಲಿನ ಪ್ರೋಟೀನ್ ಮಾಂಸಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ಎಚ್ಚರ ಬೇಕಿರುವುದು ಉಪ್ಪಿನ ಬಗ್ಗೆ: ನೀರು ತುಂಬಿದವರಿಗೆ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಬೇಡ, ಬರೀ ಹುರಿದ ಶೇಂಗಾ ಸಾಕು.

ಹಾಗಾದರೆ ಪುಡಿ ಸುಳ್ಳೇ?

ಪೂರ್ತಿ ಸುಳ್ಳಲ್ಲ. ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳ ಮಿಶ್ರಣವನ್ನು ಬಿಸಿಎಎ ಎನ್ನುತ್ತಾರೆ. 2003ರಲ್ಲಿ ಇಟಲಿಯಲ್ಲಿ, 2005ರಲ್ಲಿ ಜಪಾನಿನಲ್ಲಿ ನಡೆದ ದೊಡ್ಡ ಅಧ್ಯಯನಗಳಲ್ಲಿ ಇದನ್ನು ದೀರ್ಘಕಾಲ ತೆಗೆದುಕೊಂಡವರಲ್ಲಿ ಕಾಯಿಲೆ ಬಿಗಡಾಯಿಸುವುದು ಕಡಿಮೆಯಾಗಿತ್ತು. 2017ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಇದು ಮಿದುಳಿನ ಮಂಕು ಇಳಿಸಲು ನೆರವಾಗುತ್ತದೆ, ಆದರೆ ಸಾವನ್ನು ತಡೆದ ಪುರಾವೆ ಇಲ್ಲ. ಊಟದಿಂದ ಸಾಕಷ್ಟು ಪ್ರೋಟೀನ್ ಸೇರದವರಿಗೆ ವೈದ್ಯರು ಬರೆದುಕೊಡುವ ಬೆಂಬಲ ಅದು, ಊಟದ ಬದಲಿಯಲ್ಲ.

ನನಗೆ ಹೆಚ್ಚು ಹಿಡಿಸಿದ್ದು ನ್ಯೂಜಿಲೆಂಡಿನ 2008ರ ಅಧ್ಯಯನ. ಸಿರೋಸಿಸ್ ಇದ್ದ ಸುಮಾರು ನೂರು ಜನರಿಗೆ ಒಂದೇ ಬಗೆಯ ಪೂರಕ ಪೇಯ ಕೊಟ್ಟರು. ಅರ್ಧ ಜನಕ್ಕೆ ಹಗಲು, ಉಳಿದವರಿಗೆ ರಾತ್ರಿ ಮಲಗುವ ಮುಂಚೆ. ವರ್ಷದ ಕೊನೆಗೆ ದೇಹದ ಪ್ರೋಟೀನ್ ಹೆಚ್ಚಿದ್ದು ರಾತ್ರಿ ಕುಡಿದವರಲ್ಲಿ, ಸುಮಾರು ಎರಡು ಕಿಲೋ ಕೊಬ್ಬಿಲ್ಲದ ಮೈಭಾರಕ್ಕೆ ಸಮನಾಗಿ. ಹಗಲು ಕುಡಿದವರಲ್ಲಿ ಇಲ್ಲ. ಪೇಯ ಒಂದೇ, ಕುಡಿದ ಹೊತ್ತು ಬೇರೆ.

ಹಾಗಾಗಿ ಮಲಗುವ ಮುನ್ನ ಕನಿಷ್ಠ 50 ಗ್ರಾಂ ಪಿಷ್ಟ ಸಿಗುವಂತೆ ಏನಾದರೂ ತಿನ್ನಬೇಕು. ಅರ್ಧ ರೊಟ್ಟಿ, ಒಂದು ಲೋಟ ಹಾಲು, ಜಿಐ ಮಾನ್ಯತೆ ಪಡೆದ ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ಒಂದು, ಇಷ್ಟಾದರೆ ಬಹುತೇಕ ಆಯಿತು. ನೀರಿಳಿಸಲು ಸ್ಪೈರನೋಲ್ಯಾಕ್ಟೋನ್ ಗುಳಿಗೆ ನುಂಗುವವರಲ್ಲಿ ಪೊಟ್ಯಾಸಿಯಂ ಏರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು. ಅಂಥವರು ಬಾಳೆಹಣ್ಣಿನ ಬಗ್ಗೆ ವೈದ್ಯರನ್ನು ಕೇಳಿ. ಹಗಲಲ್ಲೂ ಊಟಗಳ ನಡುವೆ ಆರು ತಾಸಿಗಿಂತ ಹೆಚ್ಚು ಅಂತರ ಬೇಡ. ಶ್ರಾವಣ ಸೋಮವಾರ, ಏಕಾದಶಿ, ರೋಜಾ ಮಾಡುವ ಮುಂಚೆ ವೈದ್ಯರ ಜೊತೆ ಮಾತಾಡಿ. ಖಾಲಿಹೊಟ್ಟೆ ತಪಾಸಣೆಗೆಂದು ನಸುಕಿನಲ್ಲಿ ಬಸ್ ಹತ್ತಿ ಕಲಬುರಗಿಗೆ ಬರುವವರು ರಕ್ತ ಕೊಟ್ಟ ತಕ್ಷಣ ತಿನ್ನಲು ಡಬ್ಬಿ ಕಟ್ಟಿಕೊಂಡೇ ಬನ್ನಿ, ವರದಿ ಬರಲಿ ಎಂದು ಮಧ್ಯಾಹ್ನದವರೆಗೆ ಹಸಿದು ಕೂರಬೇಡಿ.

ಅಂಗಡಿ ಡಬ್ಬದ ಅಪಾಯ

2024ರಲ್ಲಿ ಕೇರಳದ ವೈದ್ಯರ ತಂಡವೊಂದು ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿತು. ಸುಮಾರು ನೂರಕ್ಕೆ 70ರಲ್ಲಿ ಪ್ರೋಟೀನ್ ಲೆಕ್ಕ ಲೇಬಲ್‌ಗೆ ಹೊಂದಲಿಲ್ಲ. ಕೆಲವದರಲ್ಲಿ ಹೇಳಿದ್ದರ ಅರ್ಧವೂ ಇರಲಿಲ್ಲ. ನೂರಕ್ಕೆ 14ರಲ್ಲಿ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರ ವಿಷ ಸಿಕ್ಕಿತು, ಅದು ಹೊಡೆಯುವುದೇ ಲಿವರ್‌ಗೆ. ಗಿಡಮೂಲಿಕೆ ಬೆರೆಸಿದ ಪುಡಿಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಅಮೃತಬಳ್ಳಿ ಸೇವಿಸಿ ಲಿವರ್‌ಗೆ ಪೆಟ್ಟು ಬಿದ್ದ 43 ರೋಗಿಗಳ ವಿವರ ದೇಶದ 13 ಆಸ್ಪತ್ರೆ ಕೇಂದ್ರಗಳಿಂದ 2022ರಲ್ಲಿ ಪ್ರಕಟವಾಗಿದೆ. ಮನೆಯಲ್ಲಿರುವ ಡಬ್ಬ ತಿರುಗಿಸಿ ನೋಡಿ: ಔಷಧವಾಗಿ ಬಳಸಲು ಅಲ್ಲ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ಕಾನೂನೇ ಅದನ್ನು ಬರೆಸುತ್ತದೆ.

ಇಲ್ಲಿ ಹೇಳಿದ್ದೆಲ್ಲ ಸಿರೋಸಿಸ್ ಇರುವವರ ಮಾತು. ಸ್ಕ್ಯಾನಿಂಗ್‌ನಲ್ಲಿ ಬರೀ ಫ್ಯಾಟಿ ಲಿವರ್ ಎಂದು ಬಂದ, ತೂಕ ಹೆಚ್ಚಿರುವವರು ರಾತ್ರಿ ಬಾಳೆಹಣ್ಣು ಹಾಲು ಶುರು ಮಾಡಬೇಡಿ. ಶೇಂದಿ, ಸರಾಯಿ ನಿಲ್ಲಿಸದವರಿಗೆ ಯಾವ ಊಟವೂ ಹೆಚ್ಚು ಆಸರೆಯಾಗದು.

ರೋಗಿ ಹಗಲು ಮಲಗಿ ರಾತ್ರಿ ಎಚ್ಚರವಿದ್ದರೆ, ಮಾತು ತಡವರಿಸಿದರೆ, ಚಾಚಿದ ಕೈ ಪಟಪಟ ಬಡಿದುಕೊಂಡರೆ, ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ ಆಗ ಊಟದ ಲೆಕ್ಕ ಬಿಟ್ಟು ನೇರ ಆಸ್ಪತ್ರೆಗೆ ಹೊರಡಿ.

ಕಾಕಾ ಈಗ ಎರಡು ಹೊತ್ತೂ ಬೇಳೆ ಉಣ್ಣುತ್ತಾರೆ, ರಾತ್ರಿ ಹಾಲು ಕುಡಿದು ಮಲಗುತ್ತಾರೆ. ಆ ಡಬ್ಬವನ್ನು ಕಾಕು ತೊಳೆದು ಉದ್ದಿನಬೇಳೆ ತುಂಬಿಟ್ಟಿದ್ದಾರೆ.